ಮುಖ, ಅಂಚು, ಕೋಡು

ರಾಮಸಮುದ್ರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಮೊಮ್ಮಗಳು ಜೋಳದ ದಂಟಿನ ಆರು ತುಂಡುಗಳನ್ನು ಎರೆಮಣ್ಣಿನ ನಾಲ್ಕು ಉಂಡೆಗಳಿಗೆ ಚುಚ್ಚಿ ಒಂದು ಆಕೃತಿಯನ್ನು ಕಟ್ಟಿದ್ದಳು. ಮುಖಗಳೆಷ್ಟು, ಅಂಚುಗಳೆಷ್ಟು, ಶೃಂಗಗಳೆಷ್ಟು ಎಂಬುದು ಅವಳ ಶಾಲೆಯ ಪ್ರಶ್ನೆ. ಅದರ ಹೆಸರು ಚತುರ್ಮುಖಿ ಎಂದೆ. "ಮುಖ ಎಲ್ಲವ ಮುತ್ಯಾ? ಬರೇ ಕಡ್ಡಿ ಅವ" ಎಂದಳು.

ಈ ಸಂದೇಹ ಬಲು ಹಳೆಯದು. ಘನಾಕೃತಿಗಳಿಗೆ ಮುಖಗಳನ್ನೆಣಿಸಿ ಹೆಸರಿಟ್ಟವರು ಗ್ರೀಕರು. ನಮ್ಮ ಪಠ್ಯಪುಸ್ತಕ ಹಿಡಿದದ್ದೂ ಅದೇ ಜಾಡು. ಕ್ರಿ.ಶ. 499ರ ಆರ್ಯಭಟನಾದರೋ ಇದೇ ಆಕೃತಿಯನ್ನು ಷಡಶ್ರಿ, ಎಂದರೆ ಆರು ಅಂಚುಗಳುಳ್ಳದ್ದು ಎಂದು ಕರೆದ. ಘನವನ್ನು ದ್ವಾದಶಾಶ್ರಿ ಎಂದ. ಯುರೋಪಿನಲ್ಲಿ ಅಂಚಿಗೆ ಮುಖದಷ್ಟೇ ಮರ್ಯಾದೆ ದೊರೆತದ್ದು 1750ರಲ್ಲಿ. ಮುಖಗಳನ್ನೂ ಶೃಂಗಗಳನ್ನೂ ಕೂಡಿಸಿ ಅಂಚುಗಳನ್ನು ಕಳೆದರೆ ಎರಡು ಉಳಿಯುವುದೆಂದು ಆಯ್ಲರ್ ಆ ವರ್ಷ ತನ್ನ ಮಿತ್ರನಿಗೆ ಪತ್ರ ಬರೆದ.

ಆರ್ಯಭಟನ ಹೆಸರು ಸರಿ, ಲೆಕ್ಕ ತಪ್ಪು. ತಳದ ಕ್ಷೇತ್ರಫಲವನ್ನು ಎತ್ತರದಿಂದ ಗುಣಿಸಿ ಅರ್ಧ ಮಾಡೆಂದ. ತ್ರಿಭುಜದ ನಿಯಮವನ್ನೇ ಇಲ್ಲಿಗೂ ಎಳೆದು ತಂದಂತೆ ತೋರುತ್ತದೆ. ಮೂರನೆಯ ಒಂದು ಪಾಲೆಂಬ ಸರಿಯಾದ ನಿಯಮ 628ರಲ್ಲಿ ಬ್ರಹ್ಮಗುಪ್ತನಿಂದ ಬಂತು. ಅನಂತರ, ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ 'ಗಣಿತಸಾರಸಂಗ್ರಹ'ವನ್ನು ಆರಂಭಿಸಿದ ಮಹಾವೀರಾಚಾರ್ಯರು ಇದಕ್ಕೆ ಮೂರನೆಯದೊಂದು ಹೆಸರು ಬಳಸಿದರು: ಶೃಂಗಾಟಕ. ಅದು ನೀರಿನಲ್ಲಿ ಬೆಳೆಯುವ ಕೋಡಿನ ಕಾಯಿ, ಹಿಂದಿಯವರ ಸಿಂಘಾಡಾ. ಮಗುವಿನ ಪುಸ್ತಕದ 'ಶೃಂಗ'ವೂ ಆ ಕೋಡೇ. ಗ್ರೀಕನದು ಮುಖ, ಆರ್ಯಭಟನದು ಅಂಚು, ನಮ್ಮ ಆಚಾರ್ಯರದು ಕೋಡು! ಅವರು ಸ್ಥೂಲವೆಂದೂ ಸೂಕ್ಷ್ಮವೆಂದೂ ಎರಡು ಬೆಲೆ ಕೊಡುತ್ತಾರೆ. ಅಂಚು ಆರು ಮೊಳವಾದರೆ ಸ್ಥೂಲವು ಸುಮಾರು 27 ಘನಮೊಳ, ಸೂಕ್ಷ್ಮವು ಸುಮಾರು 25½. ಈ ಎರಡನೆಯದು ಇಂದಿನ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ಆರ್ಯಭಟನ ನಿಯಮದಿಂದ 38ಕ್ಕೂ ಮಿಗುತ್ತದೆ.

ಒಂದು ಮಾತನ್ನು ಸಂಕೋಚದಿಂದಲೇ ಹೇಳಬೇಕು. ಅದೇ ನೃಪತುಂಗನ ಆಸ್ಥಾನದ 'ಕವಿರಾಜಮಾರ್ಗ'ವನ್ನು ನಾನು ವರ್ಷಗಟ್ಟಲೆ ಪಾಠ ಹೇಳಿದವನು. ಅವನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ನಮ್ಮೂರಿನಿಂದ ಉತ್ತರಕ್ಕೆ ಒಂದೇ ದಿನದಲ್ಲಿ ಹೋಗಿಬರುವ ದೂರದಲ್ಲಿದೆ. ಗಣಿತಸಾರಸಂಗ್ರಹವನ್ನು ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲೇ ಮದರಾಸಿನಲ್ಲಿ ಅಚ್ಚು ಮಾಡಿಸಿದ್ದರು. ನಾನು ನಿವೃತ್ತನಾಗುವವರೆಗೆ ಅದನ್ನು ತೆರೆಯಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಗಣಿತವನ್ನು ಕನ್ನಡಕ್ಕೇ ತಂದ ರಾಜಾದಿತ್ಯನನ್ನೂ ತರಗತಿಯಲ್ಲಿ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಿದ್ದೆ. ಲೆಕ್ಕ ನಮ್ಮ ವಿಭಾಗದ್ದಲ್ಲ ಎಂಬ ಭಾವನೆ, ಮತ್ತೇನು!

ಮೊಮ್ಮಗಳು ಅಷ್ಟರಲ್ಲಿ ಹನ್ನೆರಡು ದಂಟು, ಎಂಟು ಉಂಡೆ ಹೊಂದಿಸಿ ದ್ವಾದಶಾಶ್ರಿಯನ್ನು ಕಟ್ಟಿದಳು. ಹಸಿಮಣ್ಣಿನ ಕೀಲು, ಒಂದು ಮಗ್ಗುಲಿಗೆ ವಾಲಿತು. ಪಕ್ಕದಲ್ಲಿದ್ದ ಷಡಶ್ರಿ ಅಲುಗಲಿಲ್ಲ.