ಕಾರ್ಗಿಲ್ 1999: ಎರವಲು ಬಂದ ಸ್ಕ್ವಾಡ್ರನ್‌ಗಳು

ಕಾರ್ಗಿಲ್‌ನ ವೈಮಾನಿಕ ಕಾರ್ಯಾಚರಣೆ ‘ಸಫೇದ್ ಸಾಗರ್’ ಪಶ್ಚಿಮ ವಾಯು ಕಮಾಂಡಿನ ಖಾತೆಗೆ ಸೇರಿದೆ. ಅದರಲ್ಲಿ ತಪ್ಪೇನಿಲ್ಲ, ದೆಹಲಿಯಲ್ಲಿರುವ ಆ ಕಮಾಂಡಿನ ಮುಖ್ಯಸ್ಥ ಏರ್ ಮಾರ್ಷಲ್ ವಿನೋದ್ ಪಟ್ನಿ ಅವರೇ ದಾಳಿಯ ಹೊಣೆ ಹೊತ್ತಿದ್ದರು. ಆದರೆ ನಿರ್ಣಾಯಕ ಕೆಲಸ ಮಾಡಿದ ಘಟಕಗಳ ಮೂಲ ನೆಲೆ ಹುಡುಕಿದರೆ ಈ ಖಾತೆಗೆ ಇನ್ನೂ ಕೆಲವು ಹೆಸರು ಸೇರಿಸಬೇಕಾಗುತ್ತದೆ.

ದಾಳಿ ಶುರುವಾದದ್ದು ಮೇ 26ರಂದು. ಅದಕ್ಕೂ ಮೊದಲೇ, ಮೇ 21ರಂದು, ಶತ್ರು ಹಿಡಿದಿದ್ದ ಶಿಖರಗಳ ಚಿತ್ರ ತೆಗೆಯಲು ಹೋದ 106ನೇ ಸ್ಕ್ವಾಡ್ರನ್ನಿನ ಕ್ಯಾನ್‌ಬೆರಾ ವಿಮಾನಕ್ಕೆ ಕ್ಷಿಪಣಿ ಬಡಿಯಿತು. ಒಂದೇ ಎಂಜಿನ್ನಿನಲ್ಲಿ ಅದು ಶ್ರೀನಗರ ತಲುಪಿತು. ಆ ಸ್ಕ್ವಾಡ್ರನ್ನಿನ ನೆಲೆ ಆಗ್ರಾ, ಅಂದರೆ ಮಧ್ಯ ವಾಯು ಕಮಾಂಡ್.

ನಿಯಂತ್ರಣ ರೇಖೆ ದಾಟಕೂಡದೆಂಬ ಸರ್ಕಾರದ ಆದೇಶದಿಂದ ವಿಮಾನಗಳು ಗುರಿಯತ್ತ ಸಾಗುವ ದಾರಿಗಳೇ ಇಕ್ಕಟ್ಟಾದವು. ಮೇ 27ರಂದು ಒಂದು ಮಿಗ್-27, ಒಂದು ಮಿಗ್-21 ನಷ್ಟವಾದವು. ಮರುದಿನ ಒಂದು ಎಂಐ-17 ಹೆಲಿಕಾಪ್ಟರ್ ನಷ್ಟವಾಯಿತು. ಆಮೇಲೆ ಕಮಾಂಡ್ ಸಶಸ್ತ್ರ ಹೆಲಿಕಾಪ್ಟರುಗಳನ್ನು ದಾಳಿಯಿಂದ ಹಿಂದಕ್ಕೆ ಕರೆಸಿತು. ಯುದ್ಧವಿಮಾನಗಳು ಭುಜದ ಮೇಲಿಟ್ಟು ಹಾರಿಸುವ ಕ್ಷಿಪಣಿಗಳಿಗೆ ಎಟುಕದ ಎತ್ತರಕ್ಕೆ ಏರಿದವು. ಕಮಾಂಡ್ ಎಂಬ ಮೇಲ್ವ್ಯವಸ್ಥೆಯ ನಿಜವಾದ ಕೆಲಸ ಕಾಣುವುದು ಇಲ್ಲಿ: ಯಾರನ್ನು ಕಳಿಸಬಾರದು ಎಂಬ ತೀರ್ಮಾನದಲ್ಲಿ.

ಎತ್ತರ ಹೆಚ್ಚಿದಂತೆ ನಿಖರತೆ ತಗ್ಗಿತು. ಆ ಕೊರತೆ ನೀಗಿಸಲು ಗ್ವಾಲಿಯರ್‌ನ ಮಿರಾಜ್-2000ಗಳು ಪಂಜಾಬಿನ ಆದಂಪುರಕ್ಕೆ ಬಂದವು. ಅವೂ ಮಧ್ಯ ಕಮಾಂಡಿನವೇ. ಲೇಸರ್ ಕಿರಣದಿಂದ ಬಾಂಬಿಗೆ ಗುರಿ ತೋರಿಸುವ ಇಸ್ರೇಲಿನ ಲೈಟನಿಂಗ್ ಪಾಡನ್ನು ಅವಕ್ಕೆ ಹೊಂದಿಸುವ ಆತುರದ ಕೆಲಸದಲ್ಲಿ ಬೆಂಗಳೂರಿನ ವಿಮಾನ ಪರೀಕ್ಷಾ ಸಂಸ್ಥೆಯೂ ಕೈಜೋಡಿಸಿತು. ಲೇಸರ್ ಬಾಂಬಿನ ಕಷ್ಟ ಅದನ್ನು ಬಿಟ್ಟಮೇಲೆ ಶುರು: ಅದು ಗುರಿ ಮುಟ್ಟುವವರೆಗೂ ಕಿರಣ ಅಲ್ಲಾಡದೆ ಅಲ್ಲೇ ನೆಟ್ಟಿರಬೇಕು, ನಡುವೆ ಮೋಡ ಬಂದರೆ ಬಾಂಬು ದಾರಿ ತಪ್ಪುತ್ತದೆ. ಜೂನ್ 24ರಂದು ಟೈಗರ್ ಹಿಲ್ ಮೇಲೆ ಅದು ಫಲಿಸಿತು.

ಆ ದಾಳಿಗೇ ಹೆಚ್ಚು ಹೆಸರು. ನನ್ನ ಮಟ್ಟಿಗೆ ಅದಕ್ಕಿಂತ ತೂಕದ್ದು ಜೂನ್ 17ರ ಮುಂತೋ ಢಾಲೋ. ಬಟಾಲಿಕ್ ಭಾಗದ ಆ ಶತ್ರು ಸರಬರಾಜು ಶಿಬಿರವನ್ನು ಇದೇ ಮಿರಾಜ್‌ಗಳು ಲೇಸರಿಲ್ಲದ ಸಾದಾ ಬಾಂಬುಗಳಿಂದ ಕೆಡವಿದವು. ಅಲ್ಲಿಂದ ಮೇಲಿನ ಠಾಣೆಗಳಿಗೆ ಹೋಗುತ್ತಿದ್ದ ಆಹಾರ, ಮದ್ದುಗುಂಡಿನ ಪೂರೈಕೆಗೆ ದೊಡ್ಡ ಪೆಟ್ಟು ಬಿತ್ತು.