ಸದ್ದು ನಿಲ್ಸಿದ ಸ್ಟೀರಿಯೋ

ಮೊನ್ನೆ ಆರಿದ್ರೆ ಮಳೆ ಹೊಯ್ತಿರುವಾಗ ಕರೆಂಟು ಬಂದ ಗಳಿಗೆ ನೋಡ್ಕೊಂಡು ಅತ್ತೆಯವರ ಕ್ಯಾಸೆಟ್ ಹಾಕಿದೆ. ನಾದಿನಿ ಮದುವೇಲಿ ಅವ್ರು ಹೇಳಿದ ಸೋಬಾನೆ ಅದ್ರಲ್ಲಿದೆ. ಅವ್ರ ದನಿ ಇನ್ನೆಲ್ಲೂ ಇಲ್ಲ. ದೀಪ ಹತ್ತಿತು, ಕ್ಯಾಸೆಟ್ ತಿರುಗ್ತು, ಸ್ಪೀಕರ್ ಮಾತ್ರ ಪಿಟ್ಟೆನ್ಲಿಲ್ಲ. ಬೂಷ್ಟು ಹಿಡೀತೋ ಏನೋ ಅಂತ ಎದೆ ಧಸಕ್ ಅಂತು ಮಾರಾಯ್ತಿ.

ನಮ್ಮನೇಲಿ ಸದ್ದು ನಿಂತದ್ದು ಇದೇ ಮೊದಲಲ್ಲ. 1935ರಲ್ಲಿ ಮೈಸೂರಿನ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ್ಲೇ ಆಕಾಶವಾಣಿ ಶುರು ಮಾಡಿದ್ರಂತೆ. ನಮ್ಮ ಕಡೆಗೆ ಹತ್ತಿರದ ದನಿ ಅಂದ್ರೆ 1965ರಲ್ಲಿ ಶುರುವಾದ ಭದ್ರಾವತಿ ನಿಲಯದ್ದು. ಮಾವನವರ ಹಳೇ ವಾಲ್ವ್ ರೇಡಿಯೋ ಬಿಸಿಯಾಗೋ ತನಕ ಮಾತಾಡ್ತಿರ್ಲಿಲ್ಲ. ಒಳಗೆ ಕೆಂಪು ಹತ್ತದಿದ್ರೆ ವಾಲ್ವ್ ಹೋಯ್ತು ಅಂತ ಲೆಕ್ಕ. ಆಮೇಲೆ ಬಂದ ಟ್ರಾನ್ಸಿಸ್ಟರಿಗೆ ಸೆಲ್ಲು ಸೋರಿ ಸ್ಪ್ರಿಂಗು ಹಸಿರುಗಟ್ಟೋ ಕಾಯಿಲೆ. ಉಜ್ಜಿದ್ರೆ ಹಾಡ್ತಿತ್ತು. 1963ರಲ್ಲಿ ಫಿಲಿಪ್ಸಿನವ್ರು ಹೊರಗೆ ತಂದ ಈ ಪುಟ್ಟ ಕ್ಯಾಸೆಟ್ ನಮ್ಮನೆಗೆ ಬರೋ ಹೊತ್ತಿಗೆ ನಾನು ಸೊಸೆಯಾಗಿ ಬಂದಿದ್ದೆ.

ಸ್ಟೀರಿಯೋ ಅಂದ್ರೆ ಎರಡು ದಾರೀಲಿ ಬರೋ ಸದ್ದು. ಒಂದೇ ಸ್ಪೀಕರ್ ನಿಂತ್ರೆ ಅದರ ವಯರು ಇಲಿ ಕಡಿದಿರ್ಬೋದು. ಎರಡೂ ಒಟ್ಟಿಗೇ ನಿಂತ್ರೆ ಎರಡಕ್ಕೂ ಸೇರಿದ ಜಾಗದಲ್ಲೇ ಎಡವಟ್ಟಿರೋದು ಹೆಚ್ಚು. ರೇಡಿಯೋ ಗುಂಡಿ ಒತ್ತಿ ನೋಡ್ದೆ, ಅದೂ ಮೌನ. ಹಾಗಾದ್ರೆ ತಪ್ಪು ಕ್ಯಾಸೆಟ್‌ದಲ್ಲ ಅಂತ ಅರ್ಧ ಜೀವ ಬಂತು.

ಮಗನ ಹೆಡ್‌ಫೋನ್ ಚುಚ್ಚಿದೆ. ಕಿವಿಯೊಳಗೆ ಅತ್ತೆ! ಉಸಿರೆಳ್ಕೊಂಡು ಮುಂದಿನ ಸಾಲು ಎತ್ತಿದ್ದೂ ಕೇಳ್ತು. ಒಲೆ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗ್ಲಿಲ್ಲ.

ಆಗ ಹೊಳೀತು. ಆ ತೂತಿನೊಳಗೆ ಸಣ್ಣ ತಗಡಿನ ನಾಲಿಗೆ ಇರ್ತದೆ. ಹೆಡ್‌ಫೋನ್ ಹಾಕಿದ್ರೆ ಅದು ಸರಿದು ಸ್ಪೀಕರಿನ ದಾರಿ ಕಟ್ತದೆ, ತೆಗೆದ್ರೆ ವಾಪಸ್ ಕೂರ್ತದೆ. ನಮ್ಮ ಮಳೆಗಾಲದ ಶೀತಕ್ಕೆ ಕಿಲುಬು ಹಿಡಿದ್ರೆ ಕೂತ್ರೂ ತಾಗೋದಿಲ್ಲ. ಕರೆಂಟಿನ ಪ್ಲಗ್ ಕಿತ್ತಿಟ್ಟು, ಹೆಡ್‌ಫೋನಿನ ಪಿನ್ನನ್ನ ಇಪ್ಪತ್ತು ಸಲ ಹಾಕಿ ತೆಗೆದೆ. ಮತ್ತೆ ಹಚ್ಚಿದಾಗ ಸೋಬಾನೆ ಜಗುಲಿ ತನಕ ಕೇಳ್ತು.

ಅವತ್ತೇ ಮಗನ ಹತ್ರ ಹೇಳಿ ಫೋನಿಗೆ ತುಂಬಿಸ್ಕೊಂಡೆ. ನಿಮ್ಮನೆ ಅಟ್ಟದಲ್ಲೂ ಅಂಥ ಕ್ಯಾಸೆಟ್ ಇದ್ರೆ ಮುಂದಿನ ಮಳೆಗಾಲಕ್ಕೆ ಕಾಯ್ಬೇಡಿ. ಯಂತ್ರ ರಿಪೇರಿ ಆಗ್ತದೆ, ಹೋದವರ ದನಿ ಮತ್ತೆ ಸಿಗೋದಿಲ್ಲ.