ಆಂಬಿಯೆಂಟ್ ದೀಪಪಟ್ಟಿ, ಕಾರಿನ

ಕಾರಿನ ಡ್ಯಾಶ್‌ಬೋರ್ಡ್, ಬಾಗಿಲು ಮತ್ತು ಕಾಲಿಡುವ ಜಾಗಗಳಿಗೆ ಮಂದ ಬೆಳಕು ನೀಡಲು ಅಳವಡಿಸುವ ಎಲ್‌ಇಡಿ ಪಟ್ಟಿ. ಮುಖ್ಯವಾಗಿ ಎರಡು ಬಗೆ: ಸಾಲಾಗಿ ಎಲ್‌ಇಡಿಗಳನ್ನು ಕೂರಿಸಿದ ಬಾಗುವ ಪಟ್ಟಿ, ತುದಿಯ ಒಂದೇ ಎಲ್‌ಇಡಿಯ ಬೆಳಕನ್ನು ಉದ್ದಕ್ಕೂ ಹರಿಸುವ ಅಕ್ರಿಲಿಕ್ ಅಥವಾ ಫೈಬರ್ ಎಳೆ. ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಕಾಮುರಾ ರೂಪಿಸಿದ ನೀಲಿ ಎಲ್‌ಇಡಿ (2014ರ ಭೌತವಿಜ್ಞಾನ ನೊಬೆಲ್) ಬಂದ ಮೇಲೆಯೇ ಕೆಂಪು, ಹಸಿರು, ನೀಲಿ ಬೆರೆಸಿ ಬೇಕಾದ ಬಣ್ಣ ಪಡೆಯುವುದು ಸಾಧ್ಯವಾಯಿತು.

12 ವೋಲ್ಟ್‌ನ ಸಾಮಾನ್ಯ ಪಟ್ಟಿಯಲ್ಲಿ ಮೂರು ಎಲ್‌ಇಡಿಗಳಿಗೊಂದು ಕತ್ತರಿಸುವ ಗುರುತಿರುತ್ತದೆ. ಗುರುತು ತಪ್ಪಿ ಕತ್ತರಿಸಿದರೆ ಆ ತುಂಡು ಉರಿಯದು. ಅಂಟಿಸುವ ಮೊದಲು ಪ್ಲಾಸ್ಟಿಕ್ಕಿನ ಮೇಲಿನ ಪಾಲಿಶ್ ಜಿಡ್ಡನ್ನು ಸ್ಪಿರಿಟ್‌ನಿಂದ ಒರೆಸಬೇಕು, ಇಲ್ಲವಾದರೆ ಬಿಸಿಲಿನ ಕಾವಿಗೆ ಪಟ್ಟಿ ಜೋತುಬೀಳುತ್ತದೆ. ಅಕ್ರಿಲಿಕ್ ಎಳೆಯನ್ನು ಪ್ಲಾಸ್ಟಿಕ್ ಸಲಾಕೆಯಿಂದ ಪ್ಯಾನೆಲ್‌ಗಳ ಸಂದಿಗೆ ಒತ್ತಿ ಕೂರಿಸುತ್ತಾರೆ.

ಅತಿ ಮುಖ್ಯವಾದುದು ವೈರಿಂಗ್. ಫ್ಯೂಸ್ ಪೆಟ್ಟಿಗೆಯಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಹರಿಯುವ ಸರ್ಕ್ಯೂಟ್‌ಗೆ ಫ್ಯೂಸ್ ಟ್ಯಾಪ್ ಮೂಲಕ ಜೋಡಿಸುವುದು ಸುರಕ್ಷಿತ. ಸದಾ ವಿದ್ಯುತ್ ಇರುವ ತಂತಿಗೆ ಜೋಡಿಸಿದರೆ ನಿಂತ ಕಾರಿನ ಬ್ಯಾಟರಿ ಬರಿದಾಗಬಹುದು. ಫ್ಯೂಸಿಲ್ಲದೆ ತಂತಿ ಸುಲಿದು ಟೇಪು ಸುತ್ತುವ ರೂಢಿ ಬೆಂಕಿಗೆ ದಾರಿ. ಪರದೆ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಮುಂಗಾಜಿನ ಪಕ್ಕದ ಕಂಬದೊಳಗೆ ತಂತಿಯನ್ನು ಏರ್‌ಬ್ಯಾಗ್‌ಗೆ ಅಡ್ಡವಾಗಿ ಎಳೆಯಬಾರದು.

ರಾತ್ರಿ ಪ್ರಖರ ಬೆಳಕು ಗಾಜಿನಲ್ಲಿ ಪ್ರತಿಫಲಿಸಿ ರಸ್ತೆಯ ನೋಟ ಕೆಡಿಸುತ್ತದೆ. ಮಂದಗೊಳಿಸುವ ನಿಯಂತ್ರಕ ಅಲಂಕಾರವಲ್ಲ, ಅಗತ್ಯ. ಬೆಂಗಳೂರಿನಲ್ಲಿ ಇಂಥ ಬಿಡಿಭಾಗಗಳ ಹಳೆಯ ಮಾರುಕಟ್ಟೆ ಜೆ.ಸಿ. ರಸ್ತೆ.